ನಮ್ಮ ಸಾಧನೆಯನ್ನು ಪಕ್ಕದ ವಿಭಾಗಕ್ಕೆ ಬರೆದುಕೊಟ್ಟವರಿಗೆ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ವಾರ್ತಾಪತ್ರಿಕೆಯ ಈ ಸಲದ ಸಂಚಿಕೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಸಾಧನೆಯ ಪುಟದಲ್ಲಿ, ನನ್ನ ಫೋಟೊ ಹಾಕಿದ್ದೀರಿ. ಅದೇ ಸಂಚಿಕೆಯ ಕೊನೆಯ ಪುಟದಲ್ಲಿ, ಗ್ರಂಥಾಲಯಕ್ಕೆ ಹೊಸ ಕಾಫಿ ಯಂತ್ರ ಬಂದ ಸಂತೋಷದ ಸುದ್ದಿಯ ಕೆಳಗೆ, ಅಂಗೈಯಗಲದ ಒಂದು ಪ್ರಕಟಣೆ ಇದೆ: ಬರುವ ವರ್ಷದಿಂದ ತತ್ವಶಾಸ್ತ್ರ ವಿಭಾಗ ಇರುವುದಿಲ್ಲ, ಏಕೆಂದರೆ ಆ ವಿಭಾಗದಲ್ಲಿ ಓದಿ ಹೋದವರಿಂದ ಗಮನಾರ್ಹವಾದ ಯಾವ ಸಾಧನೆಯೂ ಕಂಡುಬಂದಿಲ್ಲ. ನನ್ನ ದೂರು ಇಷ್ಟೇ. ನಾನು ಓದಿದ್ದು ತತ್ವಶಾಸ್ತ್ರ. ನನ್ನ ಫೋಟೊದ ಕೆಳಗೆ ನೀವು ಅಚ್ಚು ಹಾಕಿಸಿರುವುದು 'ಸಂವಹನ ವಿಭಾಗದ ಹೆಮ್ಮೆ' ಎಂದು. ನಾನು ಪದವಿ ಮುಗಿಸಿ ಹೋಗುವಾಗ ಸಂವಹನ ವಿಭಾಗ ಎಂಬುದೇ ಇರಲಿಲ್ಲ, ಸ್ವಾಮಿ. ಈಗ ಅದಿರುವ ಜಾಗದಲ್ಲಿ ನಾವು ಸೈಕಲ್ ನಿಲ್ಲಿಸುತ್ತಿದ್ದೆವು. ಇನ್ನೂ ಹುಟ್ಟದ ವಿಭಾಗದಲ್ಲಿ ಓದಿ ಪಾಸಾದದ್ದು ನನ್ನ ನಿಜವಾದ ಸಾಧನೆ; ಅದನ್ನಾದರೂ ಎರಡು ಸಾಲು ಬರೆಯಬಹುದಿತ್ತು.

ಜಗಳವಾಡುವ ಉತ್ಸಾಹ ನನ್ನಲ್ಲಿ ಉಳಿದಿಲ್ಲ. ನನ್ನ ಕೆಲಸವೇ ಅಂಥದ್ದು, ಪಾಳಿ ಮುಗಿಯುವ ಹೊತ್ತಿಗೆ ಮನೆಯವರ ಹತ್ತಿರ ಮಾತಾಡಲಿಕ್ಕೂ ಬೇಸರವಾಗುತ್ತದೆ. ಆದ್ದರಿಂದ ಮೊದಲು ನಿಮಗೇ ಮರ್ಯಾದೆಯಿಂದ ಬರೆದೆ. ನಿಮ್ಮ ಕಚೇರಿಯಿಂದ 'ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ' ಎಂಬ ಉತ್ತರ ಬಂತು. ಅಭಿಪ್ರಾಯವಂತೆ! ನಾನು ಏನು ಓದಿದೆ ಎಂಬುದು ಯಾವಾಗಿನಿಂದ ಅಭಿಪ್ರಾಯವಾಯಿತು? ಹೀಗೆ ಎಲ್ಲರೂ ಓದುವಂತೆ ಬರೆಯುವುದು ನನಗೇನೂ ಇಷ್ಟವಿಲ್ಲ, ನೀವು ಬೇರೆ ದಾರಿ ಬಿಡಲಿಲ್ಲ.

ನಾನು ತುರ್ತು ಕರೆಗಳ ಕೇಂದ್ರದಲ್ಲಿದ್ದೇನೆ. ಆಂಬ್ಯುಲೆನ್ಸ್ ಬೇಕೆಂದು ಜನ ಫೋನ್ ಮಾಡಿದರೆ ಆ ಕಡೆಯಿಂದ ಮಾತಾಡುವವರಲ್ಲಿ ಒಬ್ಬಳು. ಕಿಟಕಿಯಿಲ್ಲದ ಕೋಣೆ, ಕಿವಿಗೊಂದು ಹೆಡ್‌ಫೋನ್, ಕಣ್ಣೆದುರಿಗೆ ನಕ್ಷೆ ತೋರಿಸುವ ಪರದೆ, ಪಕ್ಕದಲ್ಲಿ ಯಾವಾಗಲೂ ಆರಿಹೋದ ಚಹಾ. ಇಲ್ಲಿಗೆ ಬರುವ ಮುಂಚೆ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅದನ್ನು ಕಲಿಸಿದವರು ನಿಮ್ಮ ಮೇಲ್ಮಹಡಿಯ ಮೂಲೆ ಕೋಣೆಯ ತತ್ವಶಾಸ್ತ್ರದ ಮೇಡಂ. ಏನು ಹೇಳಿದರೂ 'ಯಾಕೆ?' ಎನ್ನುತ್ತಿದ್ದುದರಿಂದ ಅವರಿಗೆ 'ಯಾಕಮ್ಮ' ಎಂದು ನಾವಿಟ್ಟ ಅಡ್ಡಹೆಸರು ಇಡೀ ಕಾಲೇಜಿಗೆ ಗೊತ್ತು, ಅವರಿಗೂ ಗೊತ್ತು.

ಅವರ ತರಗತಿಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮಾತನ್ನಾದರೂ ತಪ್ಪು ಎನ್ನಬೇಕಾದರೆ ಮೊದಲು ಆ ಮಾತನ್ನು ನೀವೇ ಪೂರ್ತಿಯಾಗಿ ತಿರುಗಿ ಹೇಳಬೇಕು. ಆಡಿದವರು 'ಹೌದು, ನಾನು ಹೇಳಿದ್ದು ಇದನ್ನೇ' ಎಂದು ಒಪ್ಪಬೇಕು. ಆಮೇಲೆ ನಿಮ್ಮ ವಾದ. ಕೇಳಲು ಸುಲಭ, ಮಾಡಲು ಪ್ರಾಣಸಂಕಟ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಎಷ್ಟು ಹಟಮಾರಿಯೆಂದರೆ ಅವಳನ್ನು ಒಪ್ಪಿಸುವುದರಲ್ಲೇ ಪೀರಿಯಡ್ಡು ಮುಗಿದು ಹೋಗುತ್ತಿತ್ತು. 'ಹೆಚ್ಚೂಕಡಿಮೆ ಅದೇ, ಆದರೆ ಅದಲ್ಲ' ಎನ್ನುತ್ತಾ ಕೂರುವಳು. ನಮಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಮೇಡಂ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೊರಗಿ, ಲೋಕದಲ್ಲಿ ಇದಕ್ಕಿಂತ ಅರ್ಜೆಂಟ್ ಕೆಲಸವೇ ಇಲ್ಲವೆಂಬಂತೆ ಕಾಯುತ್ತಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ ವಯಸ್ಸಾದವರೊಬ್ಬರು ಫೋನ್ ಮಾಡಿದರು. ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾರೆ, ಉಸಿರು ಸಿಕ್ಕಿ ಸಿಕ್ಕಿ ಬರುತ್ತಿದೆ ಎಂದರು. ವಿಳಾಸವನ್ನು ಒಂದಿಷ್ಟೂ ತಡವರಿಸದೆ ಹೇಳಿದರು. ಅದನ್ನು ಓದಿ ಹೇಳಿದೆ, ಹೌದು ಎಂದರು. ಗಾಡಿ ಹೊರಟಿತು. ನಮ್ಮ ನಿಯಮ ಅಲ್ಲಿಗೆ ಮುಗಿಯಿತು. ಆದರೆ ನನಗೆ ಕಾಲೇಜಿನಿಂದ ಅಂಟಿದ ಚಾಳಿ ಇದೆಯಲ್ಲ, ಅವರು ಆಡಿದ್ದನ್ನೆಲ್ಲ ತಿರುಗಿ ಹೇಳಿದೆ: ಮನೆ ಮೂರನೇ ಮಹಡಿಯಲ್ಲಿದೆ, ಮೆಟ್ಟಿಲು ಹಿಂದುಗಡೆ ಇದೆ, ಗಾಳಿಯಾಡಲಿ ಎಂದು ನೀವು ಅವರನ್ನು ಹೂದೋಟಕ್ಕೆ ತೆರೆಯುವ ಬಾಗಿಲ ಹತ್ತಿರ ಎಳೆದು ತಂದಿದ್ದೀರಿ. ಸರಿಯೇ? ಮೂರನೇ ಮಹಡಿಯಲ್ಲಿ ಹೂದೋಟದ ಬಾಗಿಲು ಎಲ್ಲಿಂದ ಬರಬೇಕು ಎಂದು ಅವರಿಗೇ ಹೊಳೆಯಿತು. ಆಮೇಲೆ ಬಹಳ ಮೆಲ್ಲಗೆ, "ಅಯ್ಯೋ ತಾಯಿ, ನಾನು ಹೇಳಿದ್ದು ಹಳೇ ಮನೆ. ನಾವೀಗ ಅಲ್ಲಿಲ್ಲ," ಎಂದರು. ಗಾಡಿಯನ್ನು ಅರ್ಧ ದಾರಿಯಲ್ಲಿ ತಿರುಗಿಸಿದೆವು. ಆಕೆ ಬದುಕಿಕೊಂಡರು.

ನನಗೆ ಪ್ರಶಸ್ತಿ ಬಂದದ್ದು ಇದಕ್ಕೆ. ಪ್ರಶಸ್ತಿ ಕೊಟ್ಟವರ ಮುಂದೆಯೂ ಹೇಳಿದೆ, ನಿಮ್ಮ ಕಾಲೇಜಿಗೆ ಬರೆದು ಕಳಿಸಿದ್ದರಲ್ಲೂ ಬರೆದೆ: ಇದು ತತ್ವಶಾಸ್ತ್ರದ ತರಗತಿಯಲ್ಲಿ, ಇಂಥ ಮೇಡಂ ಅವರಿಂದ ಕಲಿತದ್ದು ಎಂದು. ಪತ್ರಿಕೆಯಲ್ಲಿ ಪ್ರಶಸ್ತಿ ಬಂತು, ನನ್ನ ನಗು ಬಂತು, ಮೇಡಂ ಬರಲಿಲ್ಲ.

ಇದೇನಿದು ಎಂದು ಕೇಳಲು ರಜೆ ಹಾಕಿ ನಿಮ್ಮ ಹಳೆಯ ವಿದ್ಯಾರ್ಥಿಗಳ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯ, ಅವರ ಮೇಲೆ ಹರಿಹಾಯಬೇಡಿ. ಕುರ್ಚಿ ಹಾಕಿದರು, ನೀರು ಕೊಟ್ಟರು, ನನ್ನ ಫೋಟೊ ಚೆನ್ನಾಗಿ ಬಂದಿದೆ ಎಂದರು. ವಿಭಾಗ ತಪ್ಪಾಗಿದೆ ಎಂದಾಗ ಅವರಿಗೆ ಆಶ್ಚರ್ಯವಾಯಿತು. ತಪ್ಪೇನೂ ಆಗಿಲ್ಲವಂತೆ, ಅದೇ ಪದ್ಧತಿಯಂತೆ. "ಮೊದ್ಲಿಂದಾನೂ ಕೆಲಸ ನೋಡಿ ವಿಭಾಗ ಹಾಕ್ತೀವಿ ಮೇಡಂ. ಫಿಲಾಸಫಿ ಓದಿ ಆಂಬ್ಯುಲೆನ್ಸ್ ಕಳಿಸ್ತಾರೆ ಅಂದ್ರೆ ಓದೋರಿಗೆ ತಲೆಬುಡ ಗೊತ್ತಾಗಲ್ಲ," ಎಂದು ವಿವರಿಸಿದರು. ಆ ಹಟಮಾರಿ ಗೆಳತಿ ಈಗ ಬೇಕರಿ ನಡೆಸುತ್ತಾಳೆ, ಅವಳು ವಾಣಿಜ್ಯ ವಿಭಾಗಕ್ಕೆ ಹೋಗಿದ್ದಾಳೆ. ನಮ್ಮೊಂದಿಗೇ ಓದಿ ಮುಂದೆ ನರ್ಸ್ ಆಗಿ, ಸಾಯುವ ಹೊತ್ತಿನಲ್ಲಿ ರೋಗಿಗಳ ಜೊತೆ ಕೂರುವವನೊಬ್ಬನಿದ್ದಾನೆ, ಅವನನ್ನು ಜೀವಶಾಸ್ತ್ರಕ್ಕೆ ಕೊಟ್ಟಿದ್ದಾರೆ. ಹಾಗಾದರೆ ಎಂಥ ಕೆಲಸ ಮಾಡಿದರೆ ತತ್ವಶಾಸ್ತ್ರಕ್ಕೆ ಹಾಕುತ್ತೀರಿ ಎಂದು ಕೇಳಿದೆ. ಪಾಪ, ಅವರು ನಿಜವಾಗಿಯೂ ಯೋಚಿಸಿದರು. "ಅಂಥ ಕೆಲಸ ಇಲ್ಲೀವರೆಗೂ ಯಾವ್ದೂ ಬಂದಿಲ್ಲ ಮೇಡಂ," ಎಂದರು.

ಈಗ ಹೇಳಿ ಪ್ರಾಂಶುಪಾಲರೇ, ನಿಮ್ಮ ಸಮಿತಿಯವರು ಯಾವ ವಿಭಾಗ ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸಲು ಕುಳಿತಾಗ ಮುಂದಿಟ್ಟುಕೊಂಡದ್ದು ಇದೇ ಪತ್ರಿಕೆಯ ಹಳೆಯ ಸಂಚಿಕೆಗಳನ್ನಲ್ಲವೇ? ಈ ತಟ್ಟೆಯಲ್ಲಿದ್ದುದನ್ನು ನಿಮ್ಮವರೇ ತೆಗೆದು ಪಕ್ಕದ ತಟ್ಟೆಗೆ ಬಡಿಸಿ, ಆಮೇಲೆ ನೀವು ಬಂದು ಈ ತಟ್ಟೆ ಯಾಕೆ ಖಾಲಿ ಎಂದು ಗದರಿದರೆ ಹೇಗೆ? ವಾಣಿಜ್ಯ ವಿಭಾಗಕ್ಕೆ ಹೊಸ ಸಭಾಂಗಣ ಬರಲಿದೆಯಂತೆ. ಬರಲಿ, ಸಂತೋಷ. ಅದರ ಒಂದು ಗೋಡೆಯಾದರೂ ನನ್ನ ಗೆಳತಿಯ ಬ್ರೆಡ್ಡಿನ ಋಣದಲ್ಲಿದೆ ಎಂದು ಉದ್ಘಾಟನೆಯ ದಿನ ನೆನಪಿಸಿಕೊಳ್ಳಿ. ಇನ್ನೊಂದು ಪ್ರಶ್ನೆ, ಕೇಳಿಯೂ ಪ್ರಯೋಜನವಿಲ್ಲವೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಒಂದು ಪಕ್ಷ ನಮ್ಮಲ್ಲಿ ಯಾರೂ ಏನೂ ಸಾಧಿಸಿರಲಿಲ್ಲ ಎನ್ನೋಣ. ಪ್ರಶಸ್ತಿ ಬಾರದ, ಫೋಟೊ ಬಾರದ, ಮನೆಯಲ್ಲಿ ಮಕ್ಕಳು ಜಗಳವಾಡಿದರೆ ಇಬ್ಬರ ಮಾತನ್ನೂ ಪೂರ್ತಿ ಕೇಳಿ ತೀರ್ಮಾನ ಹೇಳುವ ತಾಯಿಯೊಬ್ಬಳನ್ನು ಆ ವಿಭಾಗ ತಯಾರು ಮಾಡಿದ್ದರೆ, ಅದನ್ನು ಯಾವ ಪುಟದಲ್ಲಿ ಹಾಕುತ್ತಿದ್ದಿರಿ?

ಇಷ್ಟೇ ಆಗಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಕಚೇರಿಯಿಂದ ಹೊರಬಂದವಳು ಮೇಡಂ ಅವರನ್ನು ನೋಡಲು ಮೇಲೆ ಹೋದೆ. ಅವರು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಇನ್ನೂ ಓದುತ್ತಿರುವ ಮಕ್ಕಳಿಗೆ ಬೇರೆ ವಿಷಯ ಆರಿಸಿಕೊಳ್ಳಲು ಹೇಳಿದ್ದಾರಂತೆ, ತಮಗೆ ವರ್ಷದ ಕೊನೆಯವರೆಗೆ ಕೆಲಸವಂತೆ. ಹಳೆಯ ಕುರ್ಚಿಯ ಮೇಲಿನ ಧೂಳು ಒರೆಸಿ ಕೂರಿಸಿದರು. ವಿಭಾಗ ಮುಚ್ಚುವ ಬಗ್ಗೆ ಸಮಿತಿಯವರು ಕರೆದು ಕೇಳಿದಾಗ ನೀವು ಯಾಕೆ ವಾದಿಸಲಿಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಅವರು ಪೆಟ್ಟಿಗೆಗೆ ಟೇಪು ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ಏನಂತ ವಾದ ಮಾಡ್ಲಿ ಹೇಳು? ಪ್ರತಿ ಸಲ ಪತ್ರಿಕೆ ಬಂದಾಗ ನಿಮ್ಮೆಲ್ಲರ ಸುದ್ದಿ ಓದ್ತೀನಿ ಕಣೇ. ಖುಷಿಯಾಗುತ್ತೆ. ಆದರೆ ಒಬ್ರೂ ಫಿಲಾಸಫಿ ಅಂತ ಬರ್ಕೊಳ್ಳಲ್ಲ. ಹೇಳ್ಕೊಳ್ಳೋಕೆ ನಾಚಿಕೆ ಆಗ್ಬಹುದು, ನಂಗೆ ಅರ್ಥ ಆಗುತ್ತೆ. ಓದಿದವರೇ ಬೇಡ ಅಂದ್ಮೇಲೆ ನಾನು ಯಾರಿಗೋಸ್ಕರ ಕೇಳ್ಲಿ?"

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅಲ್ಲೇ ಅತ್ತೆ. ಇಷ್ಟು ವರ್ಷ, ಸಂಚಿಕೆಯಿಂದ ಸಂಚಿಕೆಗೆ, ಅವರು ಆ ಕೋಣೆಯಲ್ಲಿ ಒಬ್ಬರೇ ಕುಳಿತು ನಾವು ಅವರನ್ನು ಒಬ್ಬೊಬ್ಬರಾಗಿ ಕೈಬಿಟ್ಟೆವೆಂದು ಓದಿಕೊಂಡಿದ್ದಾರೆ. ಜೀವಮಾನವಿಡೀ ಎಲ್ಲದಕ್ಕೂ ಯಾಕೆ ಎಂದು ಕೇಳಿದವರು ಇದೊಂದಕ್ಕೆ ಮಾತ್ರ ಕೇಳಲಿಲ್ಲ, ಏಕೆಂದರೆ ಉತ್ತರ ತಮಗೆ ಗೊತ್ತು ಎಂದುಕೊಂಡಿದ್ದರು. ಅವರ ಮೌನವನ್ನು ನೀವು 'ವಿಭಾಗದ ಮುಖ್ಯಸ್ಥರ ಸಹಮತಿ' ಎಂದು ಪ್ರಕಟಣೆಯಲ್ಲಿ ಸೇರಿಸಿದ್ದೀರಿ.

ಕಚೇರಿಯಲ್ಲಿ ಕೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ನನ್ನ ಬೆನ್ನು ತಟ್ಟಿ, "ಆಯ್ತು ಬಿಡು. ನನ್ನ ಸಮಾಧಾನಕ್ಕೆ ಅಂತ ರಜೆ ಹಾಕಿ ಬಂದ್ಯಲ್ಲ, ಅದೇ ಸಾಕು," ಎಂದರು. ಸಂಜೆ ಬೇಕರಿಯ ಗೆಳತಿ ಮೇಡಂಗೆ ಫೋನ್ ಮಾಡಿ, ತಾನೂ ಫಿಲಾಸಫಿ ಎಂದೇ ಬರೆದು ಕಳಿಸಿದ್ದೆನೆಂದು ಹೇಳಿದಳು. ಮೇಡಂ ನಕ್ಕು, ಇಬ್ಬರೂ ಮಾತಾಡಿಕೊಂಡು ಹೇಳುತ್ತಿದ್ದೀರಾ ಎಂದರಂತೆ. ನರ್ಸ್ ಗೆಳೆಯನಿಗೂ ಅದೇ ನಗು, ಅದೇ 'ಆಯ್ತು ಬಿಡು'. ನಾವು ಎಷ್ಟು ಜನ ಹೇಳಿದರೂ ಅದು ಪ್ರೀತಿಯ ಸುಳ್ಳೆಂದೇ ಅವರು ತಿಳಿದಿದ್ದಾರೆ.

ಆದ್ದರಿಂದ ಇದು ನನ್ನ ಬೇಡಿಕೆ. ಹಳೆಯ ಸಂಚಿಕೆಗಳನ್ನು ತೆಗೆಸಿ, ಯಾರು ಏನು ಓದಿದರೋ ಅದನ್ನೇ ಹಾಕಿ ತಿದ್ದುಪಡಿ ಅಚ್ಚು ಮಾಡಿಸಿ. ಅಲ್ಲಿಯವರೆಗೆ ಮುಚ್ಚುವ ತೀರ್ಮಾನವನ್ನು ತಡೆಹಿಡಿಯಿರಿ. ಇದಕ್ಕೆಲ್ಲ ಸಭೆ ಬೇಕು, ಸಹಿ ಬೇಕು ಎನ್ನುತ್ತೀರಿ, ನನಗೆ ಗೊತ್ತು. ಸಭೆ, ಸಹಿ ಯಾವುದೂ ಬೇಡದ ಕೆಲಸವೊಂದಿದೆ, ಅದನ್ನು ಇವತ್ತೇ ಮಾಡಿ. ನಿಮ್ಮ ಕೋಣೆಯಿಂದ ಹೊರಟು ಮೆಟ್ಟಿಲು ಹತ್ತಿ ಮೂಲೆಯ ಕೋಣೆಗೆ ಹೋಗಿ. ಕುಳಿತುಕೊಳ್ಳಲು ಹೇಳಿದರೆ ಕುಳಿತುಕೊಳ್ಳಿ. ಆಮೇಲೆ ನಿಮ್ಮ ಬಾಯಿಂದಲೇ ಅವರಿಗೆ ಹೇಳಿ: ನಿಮ್ಮ ವಿದ್ಯಾರ್ಥಿಗಳು ಪ್ರತಿ ಸಲವೂ ನಿಮ್ಮ ಹೆಸರು ಬರೆದೇ ಕಳಿಸುತ್ತಿದ್ದರು, ಹೊಡೆದುಹಾಕುತ್ತಿದ್ದವರು ನಾವು.

ಇಂತಿ,
ತಾನು ಏನು ಓದಿದೆನೆಂದು ಊರಿಗೆಲ್ಲ ಸಾರಬೇಕಾಗಿ ಬಂದ,
ತತ್ವಶಾಸ್ತ್ರ ವಿಭಾಗದ ಒಬ್ಬ ಹಳೆಯ ವಿದ್ಯಾರ್ಥಿನಿ