ಎಲಾಸ್ಟಿಕ್ ಬಿಚ್ಚಿದ ಸ್ಕರ್ಟ್

ಬುಧವಾರ, ಮಧ್ಯಾಹ್ನ

ಬುಗುರಿಯ ಅಪ್ಪನಿಗೆ,

ಕ್ಷೇಮ ಸಮಾಚಾರವನ್ನೆಲ್ಲ ಆಮೇಲೆ ವಿಚಾರಿಸುತ್ತೇನೆ. ಬರುವ ಸೋಮವಾರ ಬಂದು ಮಗಳನ್ನು ಹಾಸ್ಟೆಲ್ ಶಾಲೆಗೆ ಸೇರಿಸುತ್ತೇನೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿದಾಗಿನಿಂದ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಬೆಳಿಗ್ಗೆ ಗಿರಾಕಿಯ ಅಂಗಿಗೆ ಎಡತೋಳನ್ನು ಬಲಕ್ಕೆ ಹಚ್ಚಿ, ಬಿಚ್ಚಿ, ಮತ್ತೆ ಬಲಕ್ಕೇ ಹಚ್ಚಿದೆ.

ಏಳು ವರ್ಷದ ಹುಡುಗಿ ನೆಟ್ಟಗೆ ಕೂರುವುದಿಲ್ಲ, ಬರೆಯುವಾಗ ಕುರ್ಚಿಯಲ್ಲೇ ನುಲಿಯುತ್ತಾಳೆ, ಅಕ್ಷರಗಳು ಸಾಲು ಬಿಟ್ಟು ಓಡುತ್ತವೆ. ನಿಮ್ಮ ದೂರೆಲ್ಲ ನಿಜ. ನಾನು ಅವಳನ್ನು ತಲೆಮೇಲೆ ಕೂರಿಸಿಕೊಂಡಿದ್ದೇನೆ ಎನ್ನುತ್ತೀರಿ. ತಲೆಮೇಲಾದರೂ ಅವಳು ಎಲ್ಲಿ ಕೂರುತ್ತಾಳೆ ಹೇಳಿ!

ಹೋದ ತಿಂಗಳು ಹೊಸ ಯೂನಿಫಾರ್ಮಿಗೆ ಅಳತೆ ತೆಗೆಯುತ್ತಿದ್ದೆ. ಟೇಪು ಬೆನ್ನಿನ ಎಡಭಾಗಕ್ಕೆ ತಾಗಿದರೆ ಸೊಂಟ ಎಡಕ್ಕೆ ಹೊರಳುತ್ತಿತ್ತು, ಬಲಕ್ಕೆ ತಾಗಿದರೆ ಬಲಕ್ಕೆ. ಗದರಿದೆ. ನಾನ್ ಬೇಕಂತ ಮಾಡಲ್ಲಮ್ಮಾ, ಅದೇ ಹೋಗತ್ತೆ ಅಂದಳು. ಕಣ್ಣಲ್ಲಿ ನೀರಿತ್ತು.

ಮಕ್ಕಳಿಗೆ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಒಬ್ಬರಿಗೆ ತೋರಿಸಿದೆ. ಅವರು ಅವಳನ್ನು ಅಂಬೆಗಾಲಿನಲ್ಲಿ ನಿಲ್ಲಿಸಿ ಕತ್ತು ತಿರುಗಿಸಿದರು. ಮುಖ ತಿರುಗಿದ ಕಡೆಯ ಕೈ ಸೆಟೆಯಿತು, ಇನ್ನೊಂದು ಕೈ ಮೊಣಕೈಯಲ್ಲಿ ಮಡಚಿತು. ಹಸುಗೂಸುಗಳಿಗೆಲ್ಲ ಹೀಗೆ ತಾವಾಗಿ ಆಗುವ ಚಲನೆಗಳಿರುತ್ತವಂತೆ. ಹೊರಳಿ, ತೆವಳಿ, ಅಂಬೆಗಾಲಿಟ್ಟು ಬೆಳೆಯುತ್ತ ಅವು ಅಡಗಿಹೋಗಬೇಕಂತೆ. ಕೆಲವು ಮಕ್ಕಳಲ್ಲಿ ಉಳಿದುಬಿಡುತ್ತವೆ. ಬೆನ್ನಿಗೆ ಏನಾದರೂ ತಾಗಿದರೆ ಸೊಂಟ ಹೊರಳುವುದೂ ಅಂಥದ್ದೇ ಅಂತೆ. ಪುಸ್ತಕದ ಕಡೆ ಕತ್ತು ತಿರುಗಿದರೆ ಸಾಕು, ಕೈ ತಾನೇ ಚಾಚಲು ಹೊರಡುತ್ತದೆ. ಅದನ್ನು ಹಿಡಿದಿಡುವುದರಲ್ಲೇ ಮಗು ಸುಸ್ತು, ಇನ್ನು ಪಾಠ ಎಲ್ಲಿ ತಲೆಗೆ ಹೋಗಬೇಕು? ಎಲ್ಲ ಡಾಕ್ಟರುಗಳೂ ಇದನ್ನು ಒಪ್ಪುವುದಿಲ್ಲ, ವ್ಯಾಯಾಮದಿಂದ ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಅವರೇ ಹೇಳಿದರು. ಹಾಗೆ ಹೇಳಿದ್ದಕ್ಕೇ ನನಗೆ ನಂಬಿಕೆ ಬಂತು.

ಬರೆಯುವುದು ಬಿಟ್ಟು ಎದ್ದು ಹೋಗಿದ್ದೆ. ಬಾಗಿಲು ಬಡಿದ ಸದ್ದಾಯಿತು, ನೀವೇ ಮುಂಚಿತವಾಗಿ ಬಂದುಬಿಟ್ಟಿರೇನೋ ಎಂದು ಕಿಟಕಿಯಿಂದ ಇಣುಕಿದೆ. ತೋಳು ತಿರುಗಿದ ಅಂಗಿಯ ಗಿರಾಕಿ.

ಎಲ್ಲಿದ್ದೆ? ಹಾಂ, ಅವಳ ಯೂನಿಫಾರ್ಮಿನ ಸ್ಕರ್ಟಿನ ವಿಷಯಕ್ಕೆ ಬರುತ್ತಿದ್ದೆ. ಟೈಲರ್ ಮಗಳ ಸ್ಕರ್ಟ್ ಜಾರಿದರೆ ನನ್ನ ಮಾನ ಹೋಗುತ್ತದಲ್ಲ, ಅದಕ್ಕೇ ಬಿಗಿಯಾದ ಎಲಾಸ್ಟಿಕ್ ಹಾಕಿ, ಅಂಗಿಯನ್ನು ಒಳಗೆ ತುರುಕಿ ಕಳಿಸುತ್ತಿದ್ದೆ. ಆ ಪಟ್ಟಿ ದಿನವಿಡೀ ಅವಳ ಬೆನ್ನನ್ನು ಉಜ್ಜುತ್ತಿತ್ತು. ಈಗ ಎಲಾಸ್ಟಿಕ್ ಬಿಚ್ಚಿ ಭುಜಕ್ಕೆ ಪಟ್ಟಿ ಹೊಲಿದಿದ್ದೇನೆ. ಮೊನ್ನೆ ಟೀಚರು ಕರೆದು, ನಿಮ್ ಮಗಳು ಇವತ್ತು ಕಥೆ ಮುಗಿಯೋವರೆಗೂ ಕೂತಿದ್ಳು ಕಣ್ರೀ ಅಂದರು. ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲೇ. ಸಂಜೆ ಅಂಗಡಿ ಮುಚ್ಚಿ, ಥೆರಪಿಸ್ಟ್ ಹೇಳಿಕೊಟ್ಟಂತೆ, ಬಟ್ಟೆ ಚೂರುಗಳ ನಡುವೆ ಅಮ್ಮ ಮಗಳು ನೆಲದ ಮೇಲೆ ತೆವಳುತ್ತೇವೆ. ನನ್ನ ಮಂಡಿ ಹೋಯಿತು, ಅವಳಿಗೆ ನಗುವೋ ನಗು.

ನೀವು ಹೇಳುವ ಶಾಲೆಯಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿಸಿ, ಅಲ್ಲಾಡದೆ ಕೂರಿಸುತ್ತಾರೆ. ಅಲ್ಲಿ ಅವಳು ಶಿಸ್ತು ಕಲಿಯುವುದಿಲ್ಲ, ತಾನು ಕೆಟ್ಟ ಹುಡುಗಿ ಎಂಬುದನ್ನು ಕಲಿಯುತ್ತಾಳೆ. ನನಗೆ ಭಯವಾಗುತ್ತಿದೆ. ಸೋಮವಾರ ಬನ್ನಿ, ಖಂಡಿತ ಬನ್ನಿ. ಕರೆದೊಯ್ಯಲು ಬೇಡ, ಒಂದು ಸಂಜೆ ಅವಳ ಜೊತೆ ತೆವಳಲು ಬನ್ನಿ.

ಇಂತಿ,
ಬುಗುರಿಯ ಅಮ್ಮ

ಇನ್ನೊಂದು ಮಾತು: ಮದುವೆಗೆ ಮುಂಚೆ ನಮ್ಮ ಅಂಗಡಿಗೆ ಅಂಗಿಯ ಅಳತೆ ಕೊಡಲು ಬಂದಿದ್ದಿರಿ, ನೆನಪಿದೆಯೇ? ಬೆನ್ನಿಗೆ ಟೇಪು ತಾಗಿದೊಡನೆ ಸೊಂಟ ಹೊರಳುತ್ತಿತ್ತು. ಕಚಗುಳಿ ಅಂದುಕೊಂಡು ನಗುತ್ತಿದ್ದೆ. ಈಗಲೂ ನೀವು ಬೆಲ್ಟ್ ಹಾಕುವುದಿಲ್ಲ, ಕುರ್ಚಿಗೆ ಬೆನ್ನು ಆನಿಸುವುದಿಲ್ಲ. ನೆಟ್ಟಗೆ ಕೂರುವುದಿಲ್ಲವೆಂದು ನಿಮ್ಮಪ್ಪ ನಿಮ್ಮನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದರೆಂದು ಒಮ್ಮೆ ತಮಾಷೆಯಾಗಿ ಹೇಳಿದ್ದಿರಿ. ಆ ಹುಡುಗನ ಪರವಾಗಿ ಆಗ ಯಾರೂ ಕಾಗದ ಬರೆಯಲಿಲ್ಲ. ಇದನ್ನು ಅವನಿಗೂ ಓದಿ ಹೇಳಿ.