ಕೆರೆದು ತೆಗೆದ ಗುರುತು

ಶಿಕಾಗೊ, ೧೮೯೩ನೇ ಇಸವಿ, ಸೆಪ್ಟೆಂಬರ್ ೧೮

ಬೆರ್ಗಿತ್ ಅಮ್ಮಾ,

ಈ ಕಾಗದದ ಜೊತೆ ಬಂದ ಪೆಟ್ಟಿಗೆಯನ್ನು ಇನ್ನೂ ಬಿಚ್ಚಬೇಡಿ. ಆತುರದಲ್ಲಿ ಮುಚ್ಚಳ ತೆಗೆದಿದ್ದರೂ ಒಳಗಿನ ಹತ್ತಿಯನ್ನು ಸರಿಸಬೇಡಿ. ಮೊದಲು ಈ ಕಾಗದವನ್ನು ನೀವೊಬ್ಬರೇ ಕುಳಿತು ಓದಿ. ಹಸುಗಳ ಹಾಲು ಕರೆಯುವ ಹೊತ್ತಾಗಿದ್ದರೆ ಕರೆದು ಮುಗಿಸಿಯೇ ಬನ್ನಿ. ನಾನು ಹೇಳಬೇಕಾದದ್ದು ಇನ್ನೊಂದು ಗಳಿಗೆ ಕಾದೀತು. ಅದನ್ನು ಈಗಾಗಲೇ ಕಾಯಿಸಿದ್ದೇನೆ, ಯಾಕೆ ಕಾಯಿಸಿದೆ ಎಂಬುದನ್ನೂ ಹೇಳುತ್ತೇನೆ.

ಜುಲೈಯಲ್ಲಿ ನಾನು ನಿಮಗೆ ಬರೆದ ಕಾಗದ ಇದ್ದರೆ ಒಲೆಗೆ ಹಾಕಿಬಿಡಿ. ನಿಮ್ಮ ಟೋರಾ ಇದ್ದ ಕೋಣೆಯಲ್ಲಿ ಈಗ ನಾನಿದ್ದೇನೆ, ಅವಳ ಹೆಸರಿಗೆ ಬಂದ ನಿಮ್ಮ ಕಾಗದವನ್ನು ಮನೆಯೊಡತಿ ಡನ್ಫಿ ನನ್ನ ಕೈಗೆ ಕೊಟ್ಟಳು, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ ಎಂದು ಎಷ್ಟು ಹಗುರಾಗಿ ಬರೆದಿದ್ದೆ! ಮಗಳು ಗೇಜ್ ಸಾಹೇಬರನ್ನು ಮದುವೆಯಾಗಿ ಡೆನ್ವರ್‌ಗೆ ಹೋಗಿದ್ದಾಳೆ, ಹೊಸ ಮದುವೆಯ ಹುಡುಗಿಯರು ತಾಯಂದಿರನ್ನು ಮರೆಯುವುದು ಸಹಜ ಎಂದು ನಿಮ್ಮನ್ನು ಛೇಡಿಸಿದ್ದೆ. ನಾಚಿಕೆಯಿಂದ ನೆಲ ಬಗೆದು ಒಳಗೆ ಹೋಗಬೇಕೆನಿಸುತ್ತದೆ. ಆದರೆ ನಾನು ಡನ್ಫಿಯ ಮಾತನ್ನು ನಂಬಿದ್ದೆ.

"ಅಯ್ಯೋ, ಆ ಹುಡ್ಗಿ ಅದೃಷ್ಟ ಮಾಡಿದ್ಲು ಕಣೆ," ಎಂದಿದ್ದಳು ಅವಳು. "ಅವರ ಆಫೀಸಲ್ಲೇ ಟೈಪು ಮಾಡ್ತಿದ್ಲು. ಸಾಹೇಬ್ರೇ ಖುದ್ದು ಬಂದು ಟ್ರಂಕು ತಗೊಂಡು ಹೋದ್ರು. ಹೆಂಡ್ತಿ ಗಾಡೀಲಿ ಕಾಯ್ತಿದಾಳೆ ಅಂದ್ರು. ನಾನು ಕಿಟಕಿಯಿಂದ ಕೈಬೀಸ್ದೆ. ಅವಳನ್ನ ಡೆನ್ವರ್ ಮನೇಲಿ ಬಿಟ್ಟು, ವ್ಯಾಪಾರಕ್ಕೆ ಅವ್ರು ಇಲ್ಲಿಗೆ ಬಂದುಹೋಗ್ತಾರೆ."

ಗಾಡಿಯಲ್ಲಿ ಯಾರಿದ್ದರೋ, ಡನ್ಫಿಯ ಕಣ್ಣಿಗೆ ಕಂಡಿರಲಿಲ್ಲ. ಪರದೆ ಎಳೆದಿತ್ತಂತೆ.

ನಾನು ಯಾರು ಎಂಬುದನ್ನು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ನಾವು ಇಟಲಿಯ ಲುಕ್ಕಾ ಸೀಮೆಯವರು. ನಮ್ಮೂರಲ್ಲಿ ಮಕ್ಕಳು ಮಣ್ಣಿನಲ್ಲಿ ಆಡುವ ವಯಸ್ಸಿಗೆ ಪ್ಲಾಸ್ಟರಿನಲ್ಲಿ ಆಡುತ್ತಾರೆ. ಸಂತರ ಮೂರ್ತಿ, ಬೆಕ್ಕು, ರಾಜರ ತಲೆ, ಏನು ಬೇಕಾದರೂ ಅಚ್ಚಿಗೆ ಎರೆದು ಹೊತ್ತು ಮಾರುತ್ತೇವೆ. ಅಪ್ಪ ಓರೆಸ್ತೆ ನನ್ನನ್ನು ಹದಿನಾಲ್ಕು ವರ್ಷದವಳಿದ್ದಾಗ ಇಲ್ಲಿಗೆ ಕರೆತಂದ. ಈಗ ಅವನಿಲ್ಲ. ಈ ವರ್ಷ ಲೋಕಪ್ರದರ್ಶನಕ್ಕೆಂದು ಸರೋವರದ ದಂಡೆಯಲ್ಲಿ ಎದ್ದಿರುವ ಬಿಳಿಯ ನಗರದ ಚಿತ್ರಗಳನ್ನು ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. ಅದನ್ನು ಕಂಡವರೆಲ್ಲ ಅಮೃತಶಿಲೆ ಎಂದು ಬಾಯಿ ಬಿಡುತ್ತಾರೆ. ನಮಗೆ ನಗು ಬರುತ್ತದೆ. ಮರದ ಚೌಕಟ್ಟಿಗೆ ನಾರು ಕಲಸಿದ ಪ್ಲಾಸ್ಟರ್ ಮೆತ್ತಿ ಬಿಳಿ ಬಳಿದದ್ದು ಅದು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಅಲ್ಲಿ ನೀರಿನಂಚಿಗೆ 'ಸ್ವಾಗತ' ಎಂಬ ಹೆಂಗಸಿನ ಮೂರ್ತಿಯೊಂದಿದೆ. ಹದಿನೆಂಟು ಅಡಿ ಪೀಠದ ಮೇಲೆ ನಿಂತು ಲೋಕವನ್ನೆಲ್ಲ ಕರೆಯುವ ಹಾಗೆ ಎಡಗೈ ಚಾಚಿದ್ದಾಳೆ. ಪ್ರೂಯಿಟ್ ಎಂಬ ಶಿಲ್ಪಿಯದು ಎಂದು ಎಲ್ಲರೂ ಹೇಳುತ್ತಾರೆ. ಪ್ರೂಯಿಟ್ ಬರೆದದ್ದು ಒಂದು ಚಿತ್ರ. ಮೂರ್ತಿಯನ್ನು ಮಾಡಿದವಳು ನಾನು. "ಇದಕ್ಕೆ ಪದಕ ಬಂದ್ರೆ ಪೀಠದ ಮೇಲೆ ನಿನ್ನ ಹೆಸರನ್ನೂ ಕೆತ್ತಿಸ್ತೀನಿ ಝೆಲಿಂದಾ, ನನ್ನಾಣೆ," ಎಂದಿದ್ದ. ಅಮ್ಮಾ, ನಮ್ಮವರು ನಾಲ್ಕು ತಲೆಮಾರು ಮೂರ್ತಿ ಮಾಡಿದ್ದಾರೆ. ಒಂದರ ಮೇಲೂ ನಮ್ಮ ಹೆಸರಿಲ್ಲ. ಆ ಹೆಸರಿನಾಸೆ ನನ್ನ ತಲೆಗೆ ಹೇಗೆ ಏರಿತ್ತೆಂದರೆ ಊಟದ ಮಧ್ಯೆ ಬೆರಳಿನಿಂದ ಮೇಜಿನ ಮೇಲೆ ಅದನ್ನೇ ಬರೆಯುತ್ತಿದ್ದೆ.

ಮಾರ್ಚ್‌ನಲ್ಲಿ ಮೂರ್ತಿಯೆಲ್ಲ ಮುಗಿದು ಎಡಗೈ ಮಾತ್ರ ಒಗ್ಗುತ್ತಿರಲಿಲ್ಲ. ಮಾಡಿದ್ದೆಲ್ಲ ಭಿಕ್ಷೆ ಬೇಡುವ ಕೈಯಂತೆ ಕಾಣುತ್ತಿತ್ತು. ಆಗ ಪ್ರೂಯಿಟ್ ಗೇಜ್‌ನನ್ನು ಕರೆಸಿದ. ವೈದ್ಯಶಾಲೆಗಳಿಗೆ ಎಲುಬಿನ ಮಾದರಿ, ಚಿತ್ರಶಾಲೆಗಳಿಗೆ ಪ್ಲಾಸ್ಟರಿನ ಕೈಕಾಲುಗಳನ್ನು ಒದಗಿಸುವವನು ಅವನು. ಮೃದು ಮಾತು, ಶುಭ್ರ ಕಾಲರು. ಅವನು ತಂದಿಟ್ಟ ಹೆಣ್ಣಿನ ಎಡಗೈ ನೋಡಿ ನಾನು ಬೆರಗಾದೆ. ಅದರ ಅಳತೆ ಹಿಡಿದು ಮೂರ್ತಿಯ ದೊಡ್ಡ ಕೈ ಮಾಡಬೇಕಿತ್ತು. ಬೆರಳುಗಳ ಗೆರೆ ಒಂದೂ ಕದಲಿರಲಿಲ್ಲ.

"ಪ್ಲಾಸ್ಟರ್ ಗಟ್ಟಿಯಾಗೋ ತನಕ ಇಷ್ಟು ಅಲುಗಾಡದೆ ಕೂತಿದ್ದು ಯಾರಪ್ಪಾ ಈ ಹುಡ್ಗಿ?" ಎಂದು ನಾನೇ ಕೇಳಿದೆ.

"ತುಂಬಾ ತಾಳ್ಮೆ ಅವಳಿಗೆ," ಎಂದು ಗೇಜ್ ನಕ್ಕ. ಹೋಗುವಾಗ, "ನೀವು ದಿನಾ ಅಷ್ಟು ದೂರದಿಂದ ಬರ್ತೀರಂತೆ. ಇಲ್ಲೇ ಡನ್ಫಿ ಮನೇಲಿ ಒಳ್ಳೆ ಕೋಣೆ ಒಂದು ಖಾಲಿಯಾಗಿದೆ, ನಾನು ಹೇಳ್ದೆ ಅನ್ನಿ," ಎಂದ.

ನಾನು ಥ್ಯಾಂಕ್ಸ್ ಹೇಳಿದೆ. ಆ ವಾರವೇ ಬಂದು ನಿಮ್ಮ ಮಗಳ ಹಾಸಿಗೆಯಲ್ಲಿ ಮಲಗಿದೆ.

ಆ ಕೈಯಲ್ಲಿ ಒಂದೇ ಕುಂದು ಇತ್ತು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿದ ಗೆರೆ, ಅದರ ಎರಡೂ ಕಡೆ ಚುಕ್ಕೆಗಳು. ಅಚ್ಚಿನ ಎರಡು ಹೋಳು ಕೂಡುವ ಕಡೆ ಪ್ಲಾಸ್ಟರ್ ಹೀಗೆ ಉಬ್ಬುವುದುಂಟು, ಗುಳ್ಳೆ ಒಡೆದು ಚುಕ್ಕೆ ಬೀಳುವುದೂ ಉಂಟು. ಅದನ್ನು ಕೆರೆದು ನುಣುಪು ಮಾಡುವುದು ನಮ್ಮ ಕೈಗೆ ಉಸಿರಾಟದಷ್ಟೇ ರೂಢಿ. ಏನೋ ಗುನುಗುತ್ತಾ, ಅಲಗು ತೆಗೆದು ಕೆರೆದುಬಿಟ್ಟೆ. ಊದಿ ಪುಡಿ ಹಾರಿಸಿದೆ. ಬಟ್ಟೆಯಿಂದ ಒರೆಸಿದೆ. ಪ್ರೂಯಿಟ್ ನೋಡಿ, "ಈಗ ದೇವತೆ ಕೈ ಆಯ್ತು ನೋಡು," ಎಂದ.

ಈ ತಿಂಗಳ ಎಂಟನೇ ತಾರೀಕು, ಶುಕ್ರವಾರ, ನಿಮ್ಮ ಎರಡನೇ ಕಾಗದ ಬಂತು. ನನ್ನ ಮಗಳು ಹೇಳದೆ ಮದುವೆಯಾಗುವವಳಲ್ಲ, ಆಮೇಲೆ ಅವಳ ಹೆಸರಲ್ಲಿ ಡೆನ್ವರ್‌ನಿಂದ ಬಂದ ಎರಡು ಕಾಗದಗಳೂ ಕೆಳಗಿನ ಸಹಿಯ ತನಕ ಟೈಪು ಮಾಡಿದವು, ತಾಯಿಗೆ ಯಾರು ಯಂತ್ರದಲ್ಲಿ ಬರೆಯುತ್ತಾರೆ ಎಂದು ಕೇಳಿದ್ದಿರಿ. ಕೆಳಗೆ ಇಷ್ಟು ಬರೆದಿದ್ದಿರಿ: ಎಲ್ಲಾದರೂ ಕಂಡರೆ ಎಡಗೈ ನೋಡು, ಏಳು ವರ್ಷದವಳಿದ್ದಾಗ ಹಾಲಿನ ಕ್ಯಾನಿನ ಮುಚ್ಚಳ ಬಿದ್ದು ಹೆಬ್ಬೆರಳ ಬುಡ ಸೀಳಿತ್ತು, ಹಿಮ ಬಿದ್ದು ದಾರಿ ಮುಚ್ಚಿ ಡಾಕ್ಟರು ಬರಲಾಗದೆ ನಾನೇ ಸೂಜಿ ದಾರ ಹಿಡಿದು ಹೊಲಿದಿದ್ದೆ.

ಕಾಗದ ನನ್ನ ಕೈಯಿಂದ ಜಾರಿತು. ತಿಂಡಿ ತಿನ್ನುತ್ತಿದ್ದವಳು ತಟ್ಟೆ ಬಿಟ್ಟು ಎದ್ದೆ. "ಯಾಕೆ, ಭೂತ ಕಂಡ್ಯಾ?" ಎಂದು ಡನ್ಫಿ ಚೇಷ್ಟೆ ಮಾಡಿದಳು. ನಾನು ಟೋಪಿಯೂ ಇಲ್ಲದೆ ಕಾರ್ಯಶಾಲೆಗೆ ಓಡಿದೆ.

ಯಾಕೆ ಓಡಿದೆನೆಂದರೆ, ಗುರುತು ಪೂರಾ ಹೋಗಿರಲಿಲ್ಲ. ಅಪ್ಪ ಬಡಿದು ಬಡಿದು ಕಲಿಸಿದ ಒಂದು ಪಾಠವಿದೆ. "ಇನ್ನೊಬ್ರ ಕೆಲ್ಸ ಮುಟ್ಟೋ ಮುಂಚೆ ಇದ್ದ ಹಾಗೇ ಒಂದು ಅಚ್ಚು ತೆಗ್ದಿಡೇ. ನೀನು ಹಾಳು ಮಾಡಿದ್ರೆ ಅವ್ರಿಗೆ ಏನು ತೋರಿಸ್ತೀಯಾ?" ಗೇಜ್ ತಂದ ಕೈಗೂ, ಅಲಗು ತಾಗಿಸುವ ಮೊದಲು, ಎರಡು ಹೋಳಿನ ಅಚ್ಚು ತೆಗೆದಿದ್ದೆ. ಅಟ್ಟಣಿಗೆಯ ಮೂಲೆಯಲ್ಲಿ ಧೂಳು ಹಿಡಿದು ಕೂತಿತ್ತು. ಇಳಿಸಿ, ಒರೆಸಿ, ಎಣ್ಣೆ ಸವರಿ ಪ್ಲಾಸ್ಟರ್ ಎರೆದೆ. ಬಿಚ್ಚುವ ಆತುರದಲ್ಲಿ ಅಚ್ಚಿನ ಒಂದು ಮೂಲೆ ಮುರಿದೆ.

ಗೆರೆ ಇತ್ತು. ಚುಕ್ಕೆಗಳಿದ್ದವು. ಗುಳ್ಳೆಯಲ್ಲ, ಸೂಜಿ ಹೊಕ್ಕು ಹೊರಟ ಜಾಗಗಳು, ಎದುರುಬದುರು. ದೇವರೇ, ಇದನ್ನು ಕಂಡೂ ನಾನು ಗುನುಗುತ್ತಿದ್ದೆ!

ಆಮೇಲೆ ಉಳಿದದ್ದೂ ಹೊಳೆಯಿತು. ಜೀವ ಇರುವ ಕೈಗೆ ಹಸಿ ಪ್ಲಾಸ್ಟರಿನ ತಂಪು ತಾಗಿದರೆ ಚರ್ಮ ಜುಮ್ಮೆಂದು ಸಣ್ಣ ಸಣ್ಣ ಕಾಳು ಏಳುತ್ತದೆ, ಅದು ಅಚ್ಚಿನಲ್ಲಿ ಮೂಡಿಯೇ ಮೂಡುತ್ತದೆ. ಎಷ್ಟೇ ಗಟ್ಟಿ ಕೂತರೂ ಕಿರುಬೆರಳು ಒಂದಿಷ್ಟು ಮಿಡಿಯುತ್ತದೆ. ಈ ಕೈಯಲ್ಲಿ ಒಂದು ಕಾಳೂ ಇರಲಿಲ್ಲ. ನಾನು ಹೊಗಳಿದ್ದು ಅದನ್ನೇ. ಅಮ್ಮಾ, ಇದಕ್ಕಿಂತ ಬಿಡಿಸಿ ನಾನು ಬರೆಯಲಾರೆ, ನೀವೂ ಬರೆಸಬೇಡಿ.

ಪ್ರೂಯಿಟ್‌ಗೆ ತೋರಿಸಿದೆ. ಅವನ ಮುಖ ಸುಣ್ಣದಂತಾಯಿತು. ನಿಜವಾಗಿಯೂ ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಬಾಗಿಲು ಹಾಕಿಕೊಂಡು ಹೇಳಿದ: "ಗುರುವಾರ ತೀರ್ಪುಗಾರರು ಬರ್ತಾರೆ. ಆರೇ ದಿನ ಝೆಲಿಂದಾ. ಈಗ ಪೊಲೀಸ್ರು ಬಂದ್ರೆ ಮೂರ್ತಿಗೆ ಬಟ್ಟೆ ಮುಚ್ಚಿಸ್ತಾರೆ, ಪದಕ ಹೋಯ್ತು, ನಿನ್ನ ಹೆಸ್ರೂ ಹೋಯ್ತು. ಸತ್ತಿದ್ರೆ ಅವಳು ಸತ್ತಾಗಿದೆ. ಆರು ದಿನದಲ್ಲಿ ಏನು ಬದಲಾಗುತ್ತೆ?"

ನಾನು ಅವನ ಮುಖಕ್ಕೆ ಉಗಿದು ನೇರ ಠಾಣೆಗೆ ಹೋದೆ ಎಂದು ಬರೆಯಲು ಎಷ್ಟು ಆಸೆ! ಹೋಗಲಿಲ್ಲ. ಆ ಹೊಸ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಂಚಿನ ಮೇಲಿಟ್ಟೆ. ಇಂಥ ಗಾಯ ಇನ್ನೊಬ್ಬಳಿಗೂ ಇರಬಾರದೇಕೆ ಎಂದು ನನಗೆ ನಾನೇ ವಾದ ಹೂಡಿದೆ.

ಸೋಮವಾರ ಗೇಜ್ ತಾನಾಗಿಯೇ ಬಂದ, ಏನೋ ಭುಜದ ಮಾದರಿ ಹಿಡಿದುಕೊಂಡು. ಟೋಪಿ ತೆಗೆದು, "ಕೋಣೆ ಹಿತವಾಗಿದೆಯಾ?" ಎಂದು ಕೇಳಿದ. ನಾನು, "ಹೂಂ, ಹಿತವಾಗಿದೆ," ಎಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು! ಬೆಂಚಿನ ಮೇಲಿನ ಬಟ್ಟೆ ಒಣಗಿ ಅರ್ಧ ಜಾರಿತ್ತು. ಅವನು ಆ ಕೈಯನ್ನು ನೋಡಿದ, ಅದರ ಗುರುತನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಬಟ್ಟೆಯನ್ನು ಮಗುವಿಗೆ ಹೊದಿಸುವ ಹಾಗೆ ನಾಜೂಕಾಗಿ ಮೇಲಕ್ಕೆಳೆದು, ನಮಸ್ಕಾರ ಹೇಳಿ ಹೋದ.

ಗುರುವಾರ ಪದಕ ಬಂತು. ಪ್ರೂಯಿಟ್‌ನ ಹೆಸರು, ಅದರ ಕೆಳಗೆ 'ಮತ್ತು ಸಹಾಯಕರು'. ಶುಕ್ರವಾರ ನಾನು ಠಾಣೆಗೆ ಹೋದೆ. ದಾರಿಯಲ್ಲಿ ಇಣುಕಿ ನೋಡಿದರೆ ಗೇಜ್‌ನ ಆಫೀಸಿಗೆ ಬೀಗವೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮೊಳೆಯೂ ಉಳಿದಿರಲಿಲ್ಲ, ನೆಲ ತೊಳೆದು ಇನ್ನೂ ಆರಿರಲಿಲ್ಲ. ಪ್ರೂಯಿಟ್‌ಗೆ ಈಗ ಯಾರಾದರೂ ಹೇಳಬೇಕು, ಆರು ದಿನದಲ್ಲಿ ಏನು ಬದಲಾಯಿತೆಂದು. ನನಗಂತೂ ಯಾರೂ ಹೇಳಬೇಕಾಗಿಲ್ಲ.

ಠಾಣೆಯ ಹ್ಯಾಲರನ್ ಎಂಬ ಸಾರ್ಜೆಂಟ್ ಒರಟ, ಆದರೆ ಮೂರ್ಖನಲ್ಲ. "ನೋಡಮ್ಮಾ, ಪ್ರದರ್ಶನಕ್ಕೆ ಅಂತ ಬಂದು ಕಾಣೆಯಾದ ಹುಡ್ಗೀರ ಕಾಗದಾನೇ ಇಲ್ಲಿ ಮೂಟೆ ಬಿದ್ದಿದೆ," ಎಂದ. "ಗುರುತು ಅಂತೀಯಲ್ಲ, ಗೇಜ್ ಕೊಟ್ಟ ಕೈ ಮೇಲೆ ಎಲ್ಲಿದೆ?"

"ನಾನೇ ಕೆರೆದ್ಬಿಟ್ಟೆ."

"ಹಾಗಾದ್ರೆ ಈ ಕೈ ಮೇಲೂ ನೀನೇ ಗೀಚಿಲ್ಲ ಅಂತ ಯಾರು ಹೇಳ್ಬೇಕು? ಕೆಲ್ಸ ಕಳ್ಕೊಂಡ ಸಿಟ್ಟು ಅಂತಾನೆ ಅವನ ವಕೀಲ." ಆಮೇಲೆ ಆ ಕೈಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ದನಿ ತಗ್ಗಿಸಿದ. "ಹೊಲಿದೋರು ಯಾರು? ತಾಯಿ ತಾನೆ? ಎಷ್ಟು ಹೊಲಿಗೆ, ಯಾವುದು ಹೇಗಿತ್ತು ಅಂತ ಅವ್ರು ನಿಂಗೆ ಬರ್ದಿದಾರಾ? ಇಲ್ವಾ? ಒಳ್ಳೇದಾಯ್ತು. ಇದನ್ನ ನೋಡೋ ಮುಂಚೆ ಅವ್ರು ಬರೀಲಿ. ಎರಡೂ ಒಂದೇ ಆದ್ರೆ, ಅವನ ಮುಖದ ವಿವರ ಎಲ್ಲಾ ರೈಲ್ವೆ ಸ್ಟೇಷನ್ನಿಗೂ ತಂತೀಲಿ ಹೋಗುತ್ತೆ. ನನ್ನ ಜವಾಬ್ದಾರಿ."

ಅವನಿಗೆ ನಾನು ಹೇಳಿದೆ, ಕೆಲಸ ಇನ್ನೂ ಹೋಗಿಲ್ಲ ಎಂದು. ಹೋದದ್ದು ಮಾರನೆಯ ದಿನ. ನಡು ಮಧ್ಯಾಹ್ನ ಏಣಿ ಹಾಕಿಕೊಂಡು 'ಸ್ವಾಗತ'ದ ಎಡಗೈಯನ್ನು ಗರಗಸದಿಂದ ಕೊಯ್ದೆ. ಬಿಳಿ ಅಂಗಿ ತೊಟ್ಟು ಗರಗಸ ಹಿಡಿದವಳನ್ನು ಅಲ್ಲಿ ಯಾರೂ ತಡೆಯುವುದಿಲ್ಲ, ರಿಪೇರಿ ಎಂದುಕೊಂಡು ಕಾವಲಿನವನೇ ಏಣಿ ಹಿಡಿದುಕೊಂಡ. "ಹುಷಾರು ಕಣಮ್ಮಾ, ಬಿದ್ದೀಯಾ," ಎಂದ. ಲೋಕದ ಜನರೆಲ್ಲ ಟೋಪಿ ಎತ್ತಿ ನೋಡುವ ಕಡೆ ನಿಮ್ಮ ಮಗಳ ಕೈ ಇನ್ನೊಂದು ದಿನವೂ ಚಾಚಿರಬಾರದು ಎನಿಸಿತು. ಪ್ರೂಯಿಟ್ ಪತ್ರಿಕೆಯವರಿಗೆ ಗಾಳಿಗೆ ಮುರಿಯಿತೆಂದು ಹೇಳಿದ್ದಾನೆ. ನಾನು ಅವನ ಬಳಿ ಇನ್ನು ಇಲ್ಲ.

ಈಗ ನೀವು ಮಾಡಬೇಕಾದದ್ದು ಇದು, ಅಮ್ಮಾ. ನಿಮ್ಮ ಪಾದ್ರಿಗಳನ್ನೋ ನೆರೆಯವರನ್ನೋ ಕರೆಯಿರಿ. ಅವರೆದುರು ಒಂದು ಹಾಳೆಯಲ್ಲಿ ಬರೆಯಿರಿ: ಆ ಹಿಮದ ದಿನ ಎಷ್ಟು ಹೊಲಿಗೆ ಹಾಕಿದಿರಿ, ಯಾವುದು ನೇರ, ಯಾವುದು ವಾರೆ, ಎಲ್ಲಿ ಗಂಟು ಹಾಕಿದಿರಿ. ನೀವೂ ಸಹಿ ಮಾಡಿ, ಅವರಿಂದಲೂ ಸಹಿ ಮಾಡಿಸಿ. ನಾನು ಎಣಿಸಿದ ಲೆಕ್ಕ ಹ್ಯಾಲರನ್‌ನ ಮೇಜಿನ ಮೇಲೆ ಲಕೋಟೆಯೊಳಗಿದೆ, ಅದನ್ನು ನಿಮಗೆ ಹೇಳುವುದಿಲ್ಲ. ಆಮೇಲೆ ಪೆಟ್ಟಿಗೆ ಬಿಚ್ಚಿ, ಆ ಕೈ ಮೇಲಿನ ಹತ್ತಿ ಸರಿಸಿ.

ನಿಮ್ಮ ಲೆಕ್ಕ ಬೇರೆಯಾಗಲಿ ಎಂದು ಹಗಲೂ ಇರುಳೂ ಬೇಡುತ್ತಿದ್ದೇನೆ. ಬೇರೆಯಾದರೆ ನನ್ನನ್ನು ಹುಚ್ಚಿ ಎಂದು ಬೈದು ಒಂದು ಸಾಲು ಬರೆಯಿರಿ, ಅದನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ. ಒಂದೇ ಆದರೆ, ನನ್ನನ್ನು ಕ್ಷಮಿಸಬೇಡಿ. ನಾನು ಕಾದ ಆ ಆರು ದಿನಗಳನ್ನು ನಾನೇ ಹೊತ್ತುಕೊಂಡಿರುತ್ತೇನೆ.

ಒಂದು ಮಾತು ಮಾತ್ರ. ಪ್ಲಾಸ್ಟರ್ ಮುಟ್ಟಿದಾಗ ತಣ್ಣಗಿರುತ್ತದೆ, ಬೆಚ್ಚಿಬೀಳಬೇಡಿ. ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡರೆ ಹಿಡಿದವರ ಕಾವನ್ನು ಹೀರಿ ಬೆಚ್ಚಗಾಗುತ್ತದೆ. ಈ ಕೈಯನ್ನು ನಾನು ಎಲ್ಲೂ ಕೆರೆದಿಲ್ಲ. ಅಚ್ಚಿನಿಂದ ಬಂದ ಹಾಗೇ ಕಳಿಸಿದ್ದೇನೆ.

ನಿಮ್ಮ ಎದೆ ಗಟ್ಟಿಯಾಗಿರಲಿ. ಟೋರಾ ಎಲ್ಲೇ ಇರಲಿ, ಅವಳಿಗೆ ಇನ್ನು ಚಳಿಯಾಗದಿರಲಿ.

ನಿಮ್ಮ ಮಗಳ ಕೋಣೆಯಿಂದ,
ಝೆಲಿಂದಾ ಬಾರ್ಸೊಟ್ಟಿ