ಹನ್ನೆರಡು ವರ್ಷದ ಮೇಲೆ ಬರೆದ ಕಥೆ

ಆಫೀಸಿನ ಸ್ಟೋರ್ ರೂಮು,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಭಾವ ಹೊಸ ಕನ್ನಡಕ ಮಾಡಿಸಿಕೊಂಡರೋ, ಇನ್ನೂ ಪೇಪರನ್ನು ಮೂಗಿಗೆ ಅಂಟಿಸಿಕೊಂಡೇ ಓದುತ್ತಾರೋ? ನಾವೆಲ್ಲ ಚೆನ್ನಾಗಿದ್ದೇವೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ. ನಿನಗೆ ಪತ್ರ ಬರೆಯಲು ಇಷ್ಟು ಹೆದರಿದ್ದು ಇದೇ ಮೊದಲು.

ವಿಷಯ ಏನೆಂದರೆ, ನಾನು ಮತ್ತೆ ಕಥೆ ಬರೆಯುತ್ತಿದ್ದೇನೆ. ಬಿಟ್ಟು ಹನ್ನೆರಡು ವರ್ಷವಾಗಿತ್ತು. ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿ ಬರೆದು ಬರೆದು ನನ್ನ ಭಾಷೆಯೇ ಮಾತ್ರೆಯ ಹಾಗೆ ಆಗಿದೆ ಅಂತ ನಮ್ಮವರು ರೇಗಿಸುತ್ತಾರೆ. "ನಿನ್ ಕಥೇನ ಊಟಕ್ಕೆ ಮುಂಚೆ ಓದ್ಬೇಕೋ ಆಮೇಲೋ, ಮೊದ್ಲೇ ಹೇಳ್ಬಿಡು" ಅಂತಾರೆ. ನಾನೂ ನಗುತ್ತೇನೆ. ಊಟದ ಬಿಡುವಿನಲ್ಲಿ ಈ ಸ್ಟೋರ್ ರೂಮಿಗೆ ಬಂದು, ಚಿಲಕ ಹಾಕಿ, ಖಾಲಿ ಬಾಟಲಿಗಳ ಪೆಟ್ಟಿಗೆ ಮೇಲೆ ಕೂತು ಬರೆಯುತ್ತೇನೆ. ಹೊರಗೆ ಯಾರದಾದರೂ ಚಪ್ಪಲಿ ಸದ್ದಾದರೆ ಹಾಳೆಗಳನ್ನು ಗಬಕ್ಕನೆ ಬ್ಯಾಗಿಗೆ ತುರುಕುತ್ತೇನೆ. ಯಾರೋ ಬಂದು ಕೈ ಹಿಡಿದು ಏನು ಬರೆಯುತ್ತಿದ್ದೀಯ ಅಂತ ಕೇಳುತ್ತಾರೆ ಎನ್ನುವ ಭಯ. ಆ ಯಾರೋ ಯಾವಾಗಲೂ ನೀನೇ.

ಯಾಕೆ ಬಿಟ್ಟೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ವಾರಪತ್ರಿಕೆಯಲ್ಲಿ ಬಹುಮಾನ ಬಂದ ನನ್ನ ಮೊದಲನೇ ಕಥೆ ನೆನಪಿದೆಯಲ್ಲ. ಅಕ್ಕ ಒಬ್ಬಳು ಅಪ್ಪನಿಗೆ ಬೆಳಿಗ್ಗೆ ಹೃದಯದ ಮಾತ್ರೆ ಕೊಡುತ್ತಾಳೆ, ಕೊಟ್ಟದ್ದು ಮರೆತು ಇನ್ನೊಂದು ಕೊಡುತ್ತಾಳೆ, ಸಂಜೆಯೊಳಗೆ ಅಪ್ಪ ಇರುವುದಿಲ್ಲ. ನಮ್ಮ ಮನೆಯ ಕಥೆಯನ್ನೇ ಹೆಸರು ಬಿಟ್ಟು ಬರೆದಿದ್ದೆ. ಎಲ್ಲರೂ ಹೊಗಳಿದರು. ನೀನು ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ನಿಂತೇ ಓದಿ, "ಚೆನ್ನಾಗ್ ಬರ್ದಿದ್ದೀಯ ಗುಬ್ಬಿ, ಇದ್ದದ್ದು ಇದ್ದ ಹಾಗೇ" ಅಂದು ಮತ್ತೆ ನಲ್ಲಿ ತಿರುಗಿಸಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಮೇಲೆ ನಿನ್ನ ಮನೆಗೆ ಬಂದಾಗಲೆಲ್ಲ ನೋಡಿದ್ದೇನೆ: ಪುಟ್ಟಿಗೆ ಮೈ ಸುಡುತ್ತಿದ್ದರೂ ನೀನು ಜ್ವರದ ಸಿರಪ್ ಮುಟ್ಟುವುದಿಲ್ಲ, ಭಾವ ಕೆಲಸದಿಂದ ಬರುವ ತನಕ ಗಡಿಯಾರ ನೋಡುತ್ತಾ ಕೂರುತ್ತೀಯ.

ಈ ಸಲದ ಕಥೆಯೂ ಅದೇ ಮನೆ, ಅದೇ ಬೆಳಿಗ್ಗೆ. ಬೇರೆ ಏನು ಬರೆಯಲು ಹೋದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ. ನಮ್ಮ ಆಫೀಸಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಚೀಟಿಯ ಪ್ರತಿ ಸಾಲಿಗೂ ಪಕ್ಕದಲ್ಲಿ ಅದರ ಆಧಾರ ಬರೆಯಬೇಕು, ಯಾವ ವರದಿ, ಯಾವ ಡಾಕ್ಟರು ಅಂತ. ಬರೆಯದಿದ್ದರೆ ಪ್ರೂಫ್ ತಿದ್ದುವ ಯಜಮಾನರು ಕೆಂಪಿಂಕಿನಲ್ಲಿ "ಆಧಾರ?" ಅಂತ ಗೀಚಿ ವಾಪಸ್ಸು ಕಳಿಸುತ್ತಾರೆ. ಹೋದ ತಿಂಗಳು ಗಡಿಬಿಡಿಯಲ್ಲಿ ಹೊಟ್ಟೆನೋವಿನ ಸಿರಪ್ಪಿನ ಫೈಲಿಗೆ ನನ್ನ ಕಥೆಯ ಹಾಳೆಗಳನ್ನೂ ಸೇರಿಸಿ ಅವರ ಟ್ರೇಗೆ ಹಾಕಿಬಿಟ್ಟೆ! ಮನೆಗೆ ಹೋದ ಮೇಲೆ ಗೊತ್ತಾಯಿತು. ಬೆಳಿಗ್ಗೆ ಓಡಿ ಬಂದು ನೋಡಿದರೆ ಪೂರ್ತಿ ಓದಿ ಕಾಗುಣಿತವನ್ನೂ ತಿದ್ದಿಟ್ಟಿದ್ದರು. ಕೆಂಪಿಂಕು ಬಿದ್ದದ್ದು ಇನ್ನೊಂದೇ ಕಡೆ. ಅಕ್ಕ ಎರಡನೇ ಸಲ ಮಾತ್ರೆ ಕೊಡುವುದನ್ನು ತಂಗಿ ಬಾಗಿಲಲ್ಲಿ ನಿಂತು ನೋಡುವ ಸಾಲಿನ ಪಕ್ಕ, "ಆಧಾರ?" ಇದು ಕಥೆ ಸಾರ್ ಅಂದೆ. "ಕಥೆ ಆದ್ರೇನಮ್ಮ, ಅವ್ಳು ನಿಜವಾಗ್ಲೂ ನೋಡಿದ್ಲಾ? ಓದ್ದೋನಿಗೆ ನಂಬಿಕೆ ಬರ್ಲಿಲ್ಲ" ಅಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿದೆ ಅಂದುಕೊಂಡು ಅವರೇ ನೀರು ತಂದುಕೊಟ್ಟರು.

ಆ ಪುಟ ಹರಿದು ಮತ್ತೆ ಬರೆದೆ. ಮೂರು ಮಧ್ಯಾಹ್ನ ಹಿಡಿಯಿತು. ವಾರಪತ್ರಿಕೆಯವರು ಒಪ್ಪಿದ್ದಾರೆ, ತಿಂಗಳ ಕೊನೆಗೆ ಅಚ್ಚಾಗುತ್ತದೆ. ಅದಕ್ಕೆ ಮುಂಚೆ ನಿನಗೆ ತಲುಪಲಿ ಅಂತ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಜನ ಏನಂದರೂ ಅನ್ನಲಿ. ಓದಿದ ಮೇಲೆ ನೀನು ನನ್ನನ್ನು ಗುಬ್ಬಿ ಅಂತ ಕರೆಯುತ್ತೀಯೋ ಇಲ್ಲವೋ, ಅದೊಂದೇ ಭಯ. ತವರು ಅಂತ ನನಗೆ ಉಳಿದಿರುವುದು ನೀನೊಬ್ಬಳೇ.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ
ಗುಬ್ಬಿ

ತಾ.ಕ.: ಬಿಡುವು ಮುಗಿಯಿತು, ಬಾಗಿಲು ತಟ್ಟುತ್ತಿದ್ದಾರೆ, ಸುತ್ತಿ ಬಳಸಲು ಸಮಯವಿಲ್ಲ. ಆ ಬೆಳಿಗ್ಗೆ ನೀನು ಕೊಟ್ಟದ್ದು ಒಂದೇ ಮಾತ್ರೆ. ನೀನು ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ, ಮರೆತಿದ್ದೀಯ ಅಂದುಕೊಂಡು ಇನ್ನೊಂದನ್ನು ಕೊಟ್ಟವಳು ನಾನು. ಡಾಕ್ಟರು ಕೇಳಿದಾಗ ನೀನು "ನಾನೇ ಮರ್ತು ಎರಡ್ಸಲ ಕೊಟ್ಬಿಟ್ಟೆ ಅನ್ಸುತ್ತೆ" ಅಂತ ಅತ್ತೆ. ನಾನು ನಿನ್ನ ಕೈ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಆಗ ನನಗೆ ಹನ್ನೊಂದು ವರ್ಷ. ಕಥೆ ಬರೆದಾಗ ಇಪ್ಪತ್ತೈದು, ಆಗಲೂ ಸುಳ್ಳೇ ಬರೆದೆ. ಈ ಕಥೆಯನ್ನು ಓದದೆ ಒಲೆಗೆ ಹಾಕಿದರೂ ಸರಿ ಅಕ್ಕಾ, ಇದಿಷ್ಟನ್ನು ಮಾತ್ರ ನಂಬು.